ಗಾಜಿನ ತೊಟ್ಟಿಯಲ್ಲಿ ಆಸ್ಕರ್ ಮೀನು: ಆಕ್ರಮಣ, ಆಹಾರ ಮತ್ತು ಆಯುಷ್ಯ

ಅಕ್ವೇರಿಯಂ ಮಾರುಕಟ್ಟೆಯಲ್ಲಿ ಆಸ್ಕರ್ ಎಂದೇ ಹೆಸರಾದ ಆಸ್ಟ್ರೊನೋಟಸ್ ಒಸೆಲ್ಲೇಟಸ್ ದಕ್ಷಿಣ ಅಮೆರಿಕದ ಅಮೆಜಾನ್ ಜಲಾನಯನಕ್ಕೆ ಸೇರಿದ ಸಿಕ್ಲಿಡ್ ಕುಟುಂಬದ ಮೀನು. ನೇತ್ರಾವತಿ ಹೊಳೆಯಲ್ಲಿ ಸಿಗುವ ಕೆನರಾ ಪರ್ಲ್‌ಸ್ಪಾಟ್ ಕೂಡ ಇದೇ ಕುಟುಂಬದ್ದು. ಅಂಗಡಿಯಲ್ಲಿ ಬೆರಳುದ್ದದ ಮರಿಯಾಗಿ ಮಾರಾಟವಾಗುವ ಆಸ್ಕರ್ ಸುಮಾರು ಒಂದು ವರ್ಷದಲ್ಲಿ ಅಡಿಯುದ್ದಕ್ಕೆ ಸಮೀಪಿಸಿ, ಚೆನ್ನಾಗಿ ಸಾಕಿದರೆ ಹತ್ತು ವರ್ಷಕ್ಕೂ ಮೀರಿ ಬದುಕುತ್ತದೆ. ಇಷ್ಟು ದೀರ್ಘ ಆಯುಷ್ಯ ಅಪರೂಪವಾಗುವುದಕ್ಕೆ ಅದರ ಕ್ರೌರ್ಯವನ್ನು ಕಾರಣವಾಗಿ ಹೇಳುವುದು ರೂಢಿಯಾದರೂ, ತೊಟ್ಟಿಯ ಅಳತೆ ಮತ್ತು ಸಾಕುವವರು ಕೊಡುವ ಆಹಾರವೇ ಹೆಚ್ಚಿನ ಸಾವುಗಳನ್ನು ವಿವರಿಸುತ್ತವೆ.

ಬಾಲದ ಬುಡದಲ್ಲಿ ಕಿತ್ತಳೆ ಅಂಚಿನ ಕಪ್ಪು ಬೊಟ್ಟೊಂದು ಕಣ್ಣಿನಂತೆ ಕಾಣುತ್ತದೆ. ರೆಕ್ಕೆ ಕಚ್ಚಿ ತಿನ್ನುವ ಪಿರಾನ್ಹಾಗಳನ್ನು ಈ ಹುಸಿಕಣ್ಣು ದೂರವಿಡುತ್ತದೆ ಎಂಬುದು ಮೀನು ಸಂಶೋಧಕ ಕಿರ್ಕ್ ವೈನ್‌ಮಿಲ್ಲರ್ 1990ರಲ್ಲಿ ಮಂಡಿಸಿದ ವಾದ. ಬೇಟೆಗಾರನೆಂದು ಮಾರಾಟವಾಗುವ ಮೀನು ತಾನೇ ಬೇಟೆಯಾಗದಿರುವ ಗುರುತನ್ನು ಹೊತ್ತು ತಿರುಗುತ್ತದೆ ಎಂಬುದು ಗಮನಾರ್ಹ. ಎರಡು ಆಸ್ಕರ್‌ಗಳು ಎದುರಾದಾಗ ಒಂದಕ್ಕೊಂದು ಪಕ್ಕ ತೋರಿಸಿ ಗಾತ್ರವನ್ನು ಅಳೆದು, ಕಿವಿರಿನ ಮುಚ್ಚಳ ಅಗಲಿಸಿ, ಅದಕ್ಕೂ ಮಣಿಯದಿದ್ದರೆ ಬಾಯಿಗೆ ಬಾಯಿ ಹಾಕಿ ಎಳೆದಾಡುತ್ತವೆ. ಸೋತದ್ದು ಮೈಬಣ್ಣ ಗಾಢವಾಗಿಸಿಕೊಂಡು ಹಿಂದೆ ಸರಿಯುತ್ತದೆ. ನದಿಯಲ್ಲಿ ಜಗಳ ಅಲ್ಲಿಗೇ ಮುಗಿಯುತ್ತದೆ. ತೊಟ್ಟಿಯಲ್ಲಿ ಸೋತ ಮೀನು ಹೋಗಲು ಬೇರೆ ಜಾಗವಿಲ್ಲದೆ ಗೆದ್ದದ್ದರ ಕಣ್ಣೆದುರೇ ಉಳಿಯುವುದರಿಂದ, ಮುಗಿಯಬೇಕಾದ ಹೊಡೆತ ದಿನಗಟ್ಟಲೆ ಮುಂದುವರಿಯುತ್ತದೆ.

ಆಹಾರದ ವಿಷಯದಲ್ಲಿ ತಪ್ಪು ಇನ್ನೂ ಆಳವಾದದ್ದು. ಸಹಜ ನೆಲೆಯಲ್ಲಿ ಸಣ್ಣ ಮೀನುಗಳ ಜೊತೆಗೆ ಕೀಟ, ಸಿಗಡಿ, ಏಡಿಗಳನ್ನೂ ತಿನ್ನುವ ಆಸ್ಕರ್‌ಗೆ, ನೋಡುವವರ ಖುಷಿಗಾಗಿ ಜೀವಂತ ಗೋಲ್ಡ್‌ಫಿಶ್ ಹಾಕುವ ಅಭ್ಯಾಸ ಎಲ್ಲೆಡೆ ಇದೆ. ಗೋಲ್ಡ್‌ಫಿಶ್‌ನ ಮೈಯಲ್ಲಿರುವ ಥಯಾಮಿನೇಸ್, ಅಂದರೆ ಬಿ1 ಜೀವಸತ್ವವನ್ನು ಒಡೆಯುವ ಕಿಣ್ವ, ಅದೇ ಆಹಾರ ಮುಂದುವರಿದರೆ ನರಮಂಡಲವನ್ನೇ ಕೆಡಿಸಬಲ್ಲದು. ಜೊತೆಗೆ ಬರುವ ಪರೋಪಜೀವಿಗಳ ಕಾಟ ಬೇರೆ. ಸಿ ಜೀವಸತ್ವವನ್ನು ಆಸ್ಕರ್‌ನ ದೇಹ ತಯಾರಿಸಲಾರದು, ಆದ್ದರಿಂದ ಅದು ಆಹಾರದಿಂದಲೇ ಬರಬೇಕು.

ಹೆಚ್ಚು ತಿನ್ನುವ ಮೀನು ಕಿವಿರಿನ ಮೂಲಕ ಹೆಚ್ಚು ಅಮೋನಿಯಾ ಬಿಡುತ್ತದೆ. ಫಿಲ್ಟರ್‌ನಲ್ಲಿ ನೆಲೆಸಿದ ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್ ಆಗಿ, ಆಮೇಲೆ ಕಡಿಮೆ ವಿಷಕಾರಿಯಾದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಆ ನೈಟ್ರೇಟನ್ನು ಹೊರಹಾಕಲು ನೀರು ಬದಲಿಸುವುದಲ್ಲದೆ ಸಾಮಾನ್ಯ ತೊಟ್ಟಿಯಲ್ಲಿ ಬೇರೆ ಸುಲಭ ದಾರಿಯಿಲ್ಲ. ಆಮ್ಲಜನಕದ ಕೊರತೆಯನ್ನು ಅಸಾಧಾರಣವಾಗಿ ಸಹಿಸುವ ಮೀನು ಕೊಳಕನ್ನೂ ಸಹಿಸುತ್ತದೆಂದು ಅಂದುಕೊಂಡರೆ ತಲೆಯಲ್ಲಿ ಗುಳಿ ಬೀಳುವ ರೋಗ ಎದುರಾಗಬಹುದು. ಒಂದು ಆಸ್ಕರ್‌ಗೆ ಸುಮಾರು 280 ಲೀಟರ್ ನೀರು ಕನಿಷ್ಠ ಎಂಬ ಸಾಮಾನ್ಯ ಲೆಕ್ಕ ಈ ಹಿನ್ನೆಲೆಯಲ್ಲಿ ದೊಡ್ಡದೇನಲ್ಲ.

ತೊಟ್ಟಿ ಸಾಲದಾದಾಗ ಮೀನನ್ನು ಹೊರಗೆ ಬಿಡುವುದು ಇನ್ನೊಂದು ತೊಡಕು. ಅಮೆರಿಕದ ಫ್ಲಾರಿಡಾದಲ್ಲಿ 1950ರ ದಶಕದ ಕೊನೆಯಿಂದ ಬೇರೂರಿದ ಆಸ್ಕರ್ ದಕ್ಷಿಣದ ಕಾಲುವೆಗಳನ್ನು ದಾಟಿ ಉತ್ತರಕ್ಕೆ ಹರಡದಂತೆ ತಡೆದಿರುವುದು ಚಳಿ; ನೀರು ಸುಮಾರು 13 ಡಿಗ್ರಿ ಸೆಲ್ಸಿಯಸ್‌ಗೆ ಇಳಿದರೆ ಅದು ಸಾಯುತ್ತದೆ. ಕರ್ನಾಟಕದ ಕರಾವಳಿ, ಬಯಲುಸೀಮೆಗಳ ಕೆರೆಗಳಲ್ಲಿ ಅಂಥ ತಂಪು ವಿರಳವಾದ್ದರಿಂದ ಆ ತಡೆ ಇಲ್ಲಿ ಕೆಲಸಕ್ಕೆ ಬರುವ ಸಾಧ್ಯತೆ ಕಡಿಮೆ.