ಹೆಸರು, ಮುದ್ರೆ, ಬೋರ್ಡು: ನಮ್ಮ ಸೀಮೆಯ ಒಂದು ಇತಿಹಾಸ

ನಮ್ಮ ಸಹಕಾರ ಸಂಘವು ಇಪ್ಪತ್ತೈದು ವರ್ಷಗಳನ್ನು ಪೂರೈಸಿ ಬೆಳ್ಳಿ ಹಬ್ಬ ಆಚರಿಸುತ್ತಿರುವ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ಸಾಲ, ಠೇವಣಿ, ಲಾಭಾಂಶದ ವಿಷಯ ಬರೆಯಲು ಬಲ್ಲವರು ಬೇರೆ ಇದ್ದಾರೆ. ನಾವು ಬೋರ್ಡು, ಬ್ಯಾನರು, ಚೀಲದ ಮೇಲಿನ ಅಕ್ಷರ ಮಾಡಿಕೊಂಡು ಬಂದವರು. ಆದ್ದರಿಂದ ನಮಗೆ ತಿಳಿದ ಕಸುಬಿನ ಕಡೆಯಿಂದಲೇ ಬರೆಯುತ್ತೇವೆ. ಸಂಘವು ತನ್ನ ಹೆಸರಿನಲ್ಲಿಯೇ ತೊಗರಿಬೇಳೆ ಪಾಕೀಟು ಮಾಡಿ ಮಾರಬೇಕೆಂಬ ಮಾತು ಸದಸ್ಯರ ನಡುವೆ ನಡೆದದ. ಹಾಗಾದರೆ ಸರಕಿಗೆ ಹೆಸರು ಹ್ಯಾಂಗ ಬರ್ತದ, ಆ ಹೆಸರು ಯಾರದು, ಅದನ್ನು ಕಾಯೋರು ಯಾರು ಎಂಬುದನ್ನು ನಮ್ಮ ಸೀಮೆಯ ಇತಿಹಾಸದಿಂದಲೇ ಕೇಳಿ ನೋಡೋಣ.

ಕಣದ ಮುದ್ರೆ

ಪೇಟೆಯವರು ಹೇಳುವ 'ಬ್ರ್ಯಾಂಡು' ಎಂಬ ಮಾತಿನ ಮೂಲ ಅರ್ಥ ಸುಟ್ಟ ಗುರುತು. ದನಕ್ಕೆ ಕಾದ ಕಬ್ಬಿಣದಿಂದ ಹಾಕುವ ಬರೆ ಅಂದರೂ ಅದೇ. ಅಂದರೆ ಇದು ನಮಗೆ ಹೊಸದೇನಲ್ಲ. ಹಿಂದೆ ಕಣದಾಗ ರಾಶಿ ಆದ ಮೇಲೆ ಕಾಳಿನ ಗುಡ್ಡೆಗೆ ಮುದ್ರೆ ಒತ್ತುವ ರೂಢಿ ಇತ್ತು. ರಾತ್ರಿ ಯಾರಾದರೂ ಕೈ ಹಾಕಿದರೆ ಬೆಳಿಗ್ಗೆ ಮುದ್ರೆ ಕೆಟ್ಟಿರುತ್ತಿತ್ತು. ಮುದ್ರೆ ಅಂದರೆ ಅಲಂಕಾರವಲ್ಲ, "ಇದರೊಳಗೆ ಯಾರೂ ಕೈಯಾಡಿಸಿಲ್ಲ" ಎಂಬ ಮಾತು. ಇಂದಿನ ಕಂಪನಿಗಳು ಲಕ್ಷ ಸುರಿದು ಹೇಳಲು ಹೊರಟಿರುವುದೂ ಇದನ್ನೇ.

ಊರಿನ ಹೆಸರೇ ಸರಕಿನ ಹೆಸರು

ನಮ್ಮ ಜಿಲ್ಲೆಯ ಅತಿ ದೊಡ್ಡ ಹೆಸರೆಂದರೆ ಬಿದರಿ. ಬೀದರಿನಲ್ಲಿ ಆಗುವುದೇ ಬಿದರಿ, ಬೇರೆ ವಿವರಣೆ ಬೇಕಿಲ್ಲ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಮೇಲೆ ಕೈಯಿಂದಲೇ ಹೂಬಳ್ಳಿ ಬರೆದು, ಉಳಿಯಿಂದ ಕೆತ್ತಿ, ಕೆತ್ತಿದ ಗೆರೆಯಲ್ಲಿ ಬೆಳ್ಳಿಯ ತಂತಿಯನ್ನು ಬಡಿದು ಕೂಡಿಸುತ್ತಾರೆ. ಕಡೆಗೆ ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರ ಕೂಡಿಸಿದ ಬಿಸಿ ನೀರಿನಲ್ಲಿ ಹಾಕಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಬಣ್ಣ ಎರಡೇ, ಕಪ್ಪು ಮತ್ತು ಬಿಳಿ. ಆದರೂ ನೂರು ಸಾಮಾನಿನ ನಡುವೆ ಇಟ್ಟರೂ ಹತ್ತು ಮಾರು ದೂರದಿಂದ "ಇದು ಬಿದರಿ" ಎಂದು ಹೇಳಬಹುದು. ನಮ್ಮ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ಪಾಠ ಇನ್ನೊಂದಿಲ್ಲ.

1851ರಲ್ಲಿ ಲಂಡನ್ನಿನ ಮಹಾ ಪ್ರದರ್ಶನದಲ್ಲಿ ಬಿದರಿ ಸಾಮಾನು ಕಂಡ ಪರದೇಶದವರು ಬೆರಗಾದರು. ಊರಿನ ಹೆಸರು ಸಮುದ್ರ ದಾಟಿತು. ಆದರೆ ಹುಕ್ಕಾದ ತಳವನ್ನು ಕೆತ್ತಿದವನ ಹೆಸರು ಎಷ್ಟು ಸಾಮಾನಿನ ಮೇಲೆ ಉಳಿಯಿತು? ಕೈ ನಮ್ಮವರದು, ಹೆಸರು ಊರಿನದು, ಲಾಭ ಬಹಳ ಸಲ ನಡುವಿನವರದು. ಕಾಯುವ ಕಾನೂನು ಬರಲು ಬಹಳ ಕಾಲ ಹಿಡಿಯಿತು. 1999ರಲ್ಲಿ ಭೌಗೋಳಿಕ ಗುರುತಿನ ಕಾಯ್ದೆ ಆಯಿತು, 2006ರಲ್ಲಿ ಬಿದರಿಗೆ ಆ ಜಿ.ಐ. ಮಾನ್ಯತೆ ಸಿಕ್ಕಿತು. ಈ ಹಕ್ಕು ಒಬ್ಬ ಸಾಹುಕಾರನ ಸ್ವತ್ತಲ್ಲ, ಆ ಸೀಮೆಯ ಕಸುಬುದಾರರೆಲ್ಲರದು. 2023ರಲ್ಲಿ ಬೀದರಿನ ಶಾ ರಶೀದ್ ಅಹಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಾಗ ಕೆತ್ತುವ ಕೈಗೂ ಒಂದು ಹೆಸರುಂಟೆಂದು ದೇಶ ಕಂಡಿತು.

ಬೋರ್ಡಿನ ಮೇಲೊಂದು, ಒಳಗೊಂದು

ಅಕ್ಷರವನ್ನು ದೂರದಿಂದ ಕಾಣುವಂತೆ ಬರೆಯುವ ಕಲೆಯೂ ಬೀದರಿಗೆ ಹಳೆಯದು. 1472ರಲ್ಲಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾದ ಗೋಡೆಯ ಮೇಲೆ ಬಣ್ಣದ ಹೆಂಚಿನ ತುಣುಕುಗಳಲ್ಲಿ ಕೂಡಿಸಿದ ದೊಡ್ಡ ಅಕ್ಷರಗಳು ಇಂದಿಗೂ ಒಂದಿಷ್ಟು ಉಳಿದಾವ. ಅಲ್ಲಿ ಅಕ್ಷರವೇ ಅಲಂಕಾರ.

ಆದರೆ ಬೋರ್ಡಿನ ಕಥೆ ಹೇಳುವಾಗ ಭಾಲ್ಕಿಯನ್ನು ಬಿಟ್ಟರೆ ತಪ್ಪಾದೀತು. ನಿಜಾಮರ ಆಡಳಿತದಲ್ಲಿ ಕಚೇರಿ ಮತ್ತು ಶಾಲೆಯ ಭಾಷೆ ಉರ್ದು. ಆ ಕಾಲದಲ್ಲಿ ಭಾಲ್ಕಿ ಹಿರೇಮಠದ ಪೂಜ್ಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರೆಂಬುದು ನಮ್ಮ ಭಾಗದ ಮನೆಮನೆಯ ಮಾತು. ಬೋರ್ಡು ಓದಿದ ಅಧಿಕಾರಿಗೆ ಒಂದು ಕಂಡಿತು, ಮಗುವನ್ನು ಕಳಿಸಿದ ತಾಯಿಗೆ ಇನ್ನೊಂದು ಗೊತ್ತಿತ್ತು. ಜನ ನಂಬಿದ್ದು ಬೋರ್ಡನ್ನಲ್ಲ, ಒಳಗಿದ್ದವರನ್ನು. ಬೋರ್ಡು ಬರೆದು ಹೊಟ್ಟೆ ಹೊರೆಯುವ ನಾವೇ ಈ ಮಾತು ಹೇಳುತ್ತಿದ್ದೇವೆ: ಒಳಗಿನ ಸರಕು ದೊಡ್ಡದು, ಬೋರ್ಡು ಅದರ ನಂತರದ್ದು.

1948ರ ಸೆಪ್ಟೆಂಬರ್ 17ರಂದು ನಿಜಾಮರ ಆಳ್ವಿಕೆ ಮುಗಿಯಿತು. 1956ರ ನವೆಂಬರ್ 1ರಂದು ಬೀದರ, ಭಾಲ್ಕಿ, ಔರಾದ ಮೈಸೂರು ರಾಜ್ಯಕ್ಕೆ ಸೇರಿದವು. ಹಳೆಯ ಜಿಲ್ಲೆಯ ಉದಗೀರ, ನಿಲಂಗಾ ಮುಂಬಯಿ ರಾಜ್ಯಕ್ಕೂ ಜಹೀರಾಬಾದ, ನಾರಾಯಣಖೇಡ ಆಂಧ್ರಕ್ಕೂ ಹೋದವು. ಒಂದೇ ಜಿಲ್ಲೆಯ ಬೀಗರು ಬೇರೆ ಬೇರೆ ಲಿಪಿಯ ಬೋರ್ಡುಗಳ ಕೆಳಗೆ ಹಂಚಿಹೋದರು. ಇಂದಿಗೂ ಔರಾದ ಕಡೆಯ ಸಂತೆಗೆ ಮರಾಠಿ ಮಾತಾಡುವವರು ಬರ್ತಾರ, ಬೀದರ ಪೇಟೆಯಲ್ಲಿ ಉರ್ದು ಮತ್ತು ತೆಲುಗು ಕೇಳ್ತದ. ಆದ್ದರಿಂದಲೇ ಇಲ್ಲಿ ಕನ್ನಡ ದೊಡ್ಡದಾಗಿ, ಚಂದಾಗಿ ಬರೆಯುವುದರ ಜೊತೆಗೆ ಓದಲು ಬಾರದವರಿಗೂ ತಿಳಿಯುವ ಒಂದು ಚಿತ್ರ ಬೇಕು. ಕುಟುಂಬ ಯೋಜನೆಯ ಕೆಂಪು ತ್ರಿಕೋನ ನೆನಪಿಸಿಕೊಳ್ಳಿರಿ. ಅಕ್ಷರ ಬಾರದ ಅಜ್ಜಿಗೂ ಗೋಡೆಯ ಮೇಲಿನ ಅದರ ಅರ್ಥ ತಿಳಿದಿತ್ತು.

ಕುಂಚದಿಂದ ಫ್ಲೆಕ್ಸಿಗೆ

ಗೋಡೆಗೆ ಸುಣ್ಣ ಬಳಿದು, ದಾರದಿಂದ ಗೆರೆ ಹೊಡೆದು, ಕುಂಚದಿಂದ ಬರೆಯುವ ಪೇಂಟರು ಅಕ್ಷರದ ಅಳತೆಯನ್ನು ಕಣ್ಣಿನಲ್ಲಿಯೇ ಇಟ್ಟುಕೊಂಡಿರುತ್ತಿದ್ದ. ಒತ್ತಕ್ಷರಕ್ಕೆ ಕೆಳಗೆ ಜಾಗ ಬಿಡುವುದು ಅವನಿಗೆ ಯಾರೂ ಹೇಳಬೇಕಿರಲಿಲ್ಲ. ಮುಂದೆ ಕಂಪ್ಯೂಟರ್ ಬಂತು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ', ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂದು ಸಣ್ಣ ಊರಿನ ಅಂಗಡಿಯಲ್ಲೂ ಕನ್ನಡ ಅಚ್ಚಾಗತೊಡಗಿತು. ಈಗ 'ಬಲೂ ತಮ್ಮ'ದಂತಹ ದಪ್ಪ, ಚಂದದ ಕನ್ನಡ ಅಕ್ಷರಗಳು ಕಾಸಿಲ್ಲದೆ ಸಿಗುತ್ತವೆ. ಸಾಧನಕ್ಕೆ ಕೊರತೆ ಇಲ್ಲ. ಆದರೂ ಫ್ಲೆಕ್ಸಿನಲ್ಲಿ ಒತ್ತು ಕತ್ತರಿಸಿಹೋಗಿರುತ್ತದೆ, ಹತ್ತು ಬಣ್ಣ ಇರುತ್ತವೆ, ಇಪ್ಪತ್ತು ಮುಖ ಇರುತ್ತವೆ, ಹೇಳಬೇಕಾದ ಮಾತೇ ಸಿಗುವುದಿಲ್ಲ. ಎರಡೇ ಬಣ್ಣದ ಬಿದರಿ ಹುಟ್ಟಿದ ನಾಡಿನಲ್ಲಿ ಹೀಗಾಗಬಾರದು.

ಸಹಕಾರಿಗಳ ಗುರುತು

1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ ಅದಕ್ಕೆ ಜಾಹೀರಾತು ಇರಲಿಲ್ಲ, ಗೌಡರ ಮಾತೇ ಗುರುತು. 1925ರಲ್ಲಿ ಅಂತರರಾಷ್ಟ್ರೀಯ ಸಹಕಾರಿ ಒಕ್ಕೂಟವು ಕಾಮನಬಿಲ್ಲಿನ ಏಳು ಬಣ್ಣದ ಧ್ವಜವನ್ನು ಒಪ್ಪಿತು. ಸಹಕಾರ ಸಪ್ತಾಹದಲ್ಲಿ ನಾವು ಏರಿಸುವುದು ಅದನ್ನೇ. ಬಣ್ಣ ಬೇರೆ ಬೇರೆ, ಬಟ್ಟೆ ಒಂದೇ.

ಹೈನುಗಾರರು ಇನ್ನೂ ಮುಂದೆ ಹೋದರು. ಗುಜರಾತಿನ ಖೇಡಾ ಜಿಲ್ಲೆಯ ರೈತರು 1946ರಲ್ಲಿ ಸಂಘ ಕಟ್ಟಿದರು, 'ಅಮೂಲ್' ಎಂಬ ಹೆಸರು ಆಮೇಲೆ ಬಂತು, ಬೆಣ್ಣೆಯ ಜಾಹೀರಾತಿನ ಆ ತುಂಟ ಹುಡುಗಿ 1966ರಲ್ಲಿ ಬಂದಳು. ಮೊದಲು ಹಾಲು, ಆಮೇಲೆ ಹೆಸರು, ಕಡೆಗೆ ಚಿತ್ರ. ಈ ಕ್ರಮವನ್ನು ಗಮನಿಸಬೇಕು. ನಮ್ಮ 'ನಂದಿನಿ'ಯ ದಾರಿಯೂ ಅದೇ. 2023ರ ಏಪ್ರಿಲ್‌ನಲ್ಲಿ ಅಮೂಲ್ ಹಾಲು ಬೆಂಗಳೂರಿಗೆ ಬರ್ತದ ಎಂದ ಕೂಡಲೇ ಜನ ನಂದಿನಿಯ ಪರವಾಗಿ ನಿಂತರು. ರೈತರ ಹೆಸರು ಜನರ ಹೆಸರಾಗಿತ್ತು. ಆದರೆ ಹೆಸರು ಬೆಳೆದಂತೆ ಕಳ್ಳರೂ ಹುಟ್ಟುತ್ತಾರೆ. 2021ರ ಡಿಸೆಂಬರಿನಲ್ಲಿ ಮೈಸೂರಿನ ಹತ್ತಿರ ನಂದಿನಿ ಹೆಸರಿನ ನಕಲಿ ತುಪ್ಪದ ಜಾಲ ಸಿಕ್ಕಿಬಿತ್ತು. ಹೆಸರು ಮಾಡುವುದು ಅರ್ಧ ಕೆಲಸ, ಕಾಯುವುದು ಉಳಿದ ಅರ್ಧ.

ನಮ್ಮ ಬೇಳೆಯ ಮಾತು

ನಮ್ಮ ಕರಿ ಭೂಮಿಯ ತೊಗರಿ, ಉದ್ದು, ಹೆಸರು ಹೆಸರಿಲ್ಲದ ಗೋಣಿಚೀಲದಲ್ಲಿ ಊರು ಬಿಡುತ್ತವೆ. ಬೇರೆ ಊರಿನ ಮಿಲ್ಲಿನಲ್ಲಿ ಬೇಳೆಯಾಗಿ, ಬೇರೆಯವರ ಚಿತ್ರ ಹೊತ್ತು ನಮ್ಮ ಕಿರಾಣಿ ಅಂಗಡಿಗೇ ಮರಳಿ ಬರುತ್ತವೆ. ನೆರೆಯ ಕಲಬುರಗಿಯವರು 2019ರಲ್ಲಿ ತಮ್ಮ ತೊಗರಿಬೇಳೆಗೆ ಜಿ.ಐ. ಮಾನ್ಯತೆ ಪಡೆದರು. ನಾವು ಯಾಕ ಹಿಂದ ಉಳೀಬೇಕು?

ಸಂಘ ಪಾಕೀಟು ಮಾಡುವುದಾದರೆ ನಮ್ಮ ಸಲಹೆ ಇಷ್ಟೇ. ಹೆಸರು ವ್ಯಕ್ತಿಯದಾಗದೆ ಊರಿನದಾಗಿರಲಿ. ಬಣ್ಣ ಎರಡಿರಲಿ, ಕನ್ನಡ ಮುಂದೆ ಇರಲಿ. ತೂಕ, ತಾರೀಖು, ಆಹಾರ ಸುರಕ್ಷತೆಯ ಪರವಾನಗಿ ಸಂಖ್ಯೆ ಓದಲು ಬರುವಂತಿರಲಿ. 1937ರ ಕಾಯ್ದೆಯಿಂದ ಬಂದ ಅಗ್‌ಮಾರ್ಕ್ ದರ್ಜೆ ಪಡೆಯಲು ಪ್ರಯತ್ನಿಸೋಣ. 1999ರ ವ್ಯಾಪಾರ ಗುರುತುಗಳ ಕಾಯ್ದೆಯಲ್ಲಿ ಸಂಘಗಳು ಸಾಮೂಹಿಕ ಗುರುತನ್ನು ನೋಂದಾಯಿಸಲು ಅವಕಾಶವಿದೆ, ಅದನ್ನೂ ಬಳಸೋಣ.

ಇವೆಲ್ಲಕ್ಕಿಂತ ಮೊದಲು ಸರ್ವಸಾಧಾರಣ ಸಭೆಯಲ್ಲಿ ಒಂದು ಠರಾವು ಆಗಬೇಕು: ಹಸಿ ಕಾಳು, ಕಲ್ಲು, ಹಳೆಯ ದಾಸ್ತಾನು ಬೆರೆಸಿದ ಚೀಲ ಯಾರದೇ ಆಗಿರಲಿ, ನಿರ್ದೇಶಕರದ್ದೇ ಆಗಿರಲಿ, ಅದಕ್ಕೆ ಸಂಘದ ಮುದ್ರೆ ಬೀಳಬಾರದು. ಒಬ್ಬರ ಒಂದು ಚೀಲ ಕೆಟ್ಟರೆ ಅಷ್ಟೂ ಮನೆಗಳ ಹೆಸರು ಕೆಡ್ತದ. ಈ ಠರಾವಿಗೆ ಸದಸ್ಯರು ಕೈ ಎತ್ತಿದ ದಿನ ಮುದ್ರೆಯ ಚಿತ್ರವನ್ನು ನಾವು ಬಿಡಿಕಾಸು ತೆಗೆದುಕೊಳ್ಳದೆ ಬರೆದು ಕೊಡುತ್ತೇವೆ.

ಜೈ ಸಹಕಾರ!