ಎರಡು ಎತ್ತು, ರೆಂಡು ಎದ್ದುಲು: ಗಡಿನಾಡಿನಲ್ಲಿ ವಚನದ ವ್ಯಾಕರಣ

ಆಂಧ್ರದ ಗಡಿಯಲ್ಲಿರುವ ಕೋಸಗಿಯ ಕಡೆ ಕನ್ನಡದ ರೈತ ‘ಎರಡು ಎತ್ತು’ ಎನ್ನುತ್ತಾನೆ. ಪಕ್ಕದ ತೆಲುಗು ಮನೆಯವನು ‘ರೆಂಡು ಎದ್ದುಲು’ ಎನ್ನುತ್ತಾನೆ. ಇಬ್ಬರ ಮಕ್ಕಳೂ ಶಾಲೆಯಲ್ಲಿ ‘ಟೂ ಆಕ್ಸೆನ್’ ಎಂದು ಕಲಿಯುತ್ತಾರೆ. ಒಂದೇ ಜೋಡಿ ಎತ್ತನ್ನು ಮೂರು ಭಾಷೆಗಳು ಮೂರು ಬಗೆಯಲ್ಲಿ ಎಣಿಸುತ್ತವೆ. ಏಕವಚನ, ಬಹುವಚನ ಎಂದು ನಾವು ಬಾಲ್ಯದಲ್ಲಿ ಬಾಯಿಪಾಠ ಮಾಡಿದ ಈ ಪಾಠವನ್ನು ಕನ್ನಡದ ವ್ಯಾಕರಣಕಾರರು ಹೇಗೆ ಕಂಡರು, ಎಲ್ಲಿ ಬಿಟ್ಟರು ಎಂಬುದನ್ನು ಈ ನೆಲದಲ್ಲಿ ನಿಂತೇ ನೋಡಬೇಕು.

ಕನ್ನಡದ ಹಳೆಯ ವ್ಯಾಕರಣಗಳು ಸಂಸ್ಕೃತದ ಚೌಕಟ್ಟಿನಲ್ಲಿ ಬೆಳೆದವು. ನಾಗವರ್ಮನ ‘ಕರ್ಣಾಟಕ ಭಾಷಾಭೂಷಣ’ ಸಂಸ್ಕೃತ ಸೂತ್ರಗಳಲ್ಲಿದೆ. 1604ರಲ್ಲಿ ಭಟ್ಟಾಕಳಂಕ ಬರೆದ ‘ಕರ್ಣಾಟಕ ಶಬ್ದಾನುಶಾಸನ’ದ 592 ಸೂತ್ರಗಳೂ ಸಂಸ್ಕೃತದವೇ. ಇವೆರಡರ ನಡುವೆ, 1260ರ ಸುಮಾರಿಗೆ, ಕೇಶಿರಾಜ ‘ಶಬ್ದಮಣಿದರ್ಪಣ’ವನ್ನು ಕನ್ನಡದಲ್ಲೇ, ಕಂದಪದ್ಯಗಳಲ್ಲಿ ಬರೆದ. ಅರ್, ಗಳ್ ಮೊದಲಾದ ಬಹುವಚನ ಪ್ರತ್ಯಯಗಳು ಯಾವ ಬಗೆಯ ಪದಕ್ಕೆ ಹತ್ತುತ್ತವೆ ಎಂಬುದನ್ನು ಕವಿಗಳ ಪ್ರಯೋಗದಿಂದಲೇ ಆರಿಸಿ ತೋರಿಸಿದ. ಮನುಷ್ಯರಿಗೆ ಒಂದು, ಉಳಿದವಕ್ಕೆ ಇನ್ನೊಂದು ಎಂಬ ಈ ವಿಂಗಡಣೆ ಸಂಸ್ಕೃತದಲ್ಲಿಲ್ಲ, ಇಂಗ್ಲಿಷಿನಲ್ಲೂ ಇಲ್ಲ. ಹುಡುಗರು, ಅಕ್ಕಂದಿರು, ಮರಗಳು ಎಂದು ನಾವು ಇಂದಿಗೂ ಅದೇ ಜಾಡಿನಲ್ಲಿ ಆಡುತ್ತೇವೆ.

ಕೇಶಿರಾಜನ ಆ ಪುಸ್ತಕ ಬಳ್ಳಾರಿ ಸೀಮೆಯ ಪಾಠಶಾಲೆಗಳವರೆಗೂ ಬಂದಿತ್ತು. ಬ್ರಿಟಿಷರ ಕಾಲದಲ್ಲಿ ಆದವಾನಿ, ಕೋಸಗಿ ಎಲ್ಲವೂ ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ಮದರಾಸಿಗೆ ಕಳಿಸಿದ ವರದಿಯ ಪ್ರಕಾರ ಜಿಲ್ಲೆಯಲ್ಲಿದ್ದ 533 ಶಾಲೆಗಳಲ್ಲಿ 235 ಕನ್ನಡದವು, 226 ತೆಲುಗಿನವು. ಇಂಗ್ಲಿಷ್ ಶಾಲೆ ಇದ್ದದ್ದು ಒಂದೇ ಒಂದು. ಕಲಿಕೆಗೆ ಅಗತ್ಯವಾದ ಗ್ರಂಥಗಳಲ್ಲಿ ಶಬ್ದಮಣಿದರ್ಪಣವನ್ನೂ ಹೆಸರಿಸಿದ ಆತ, ಪ್ರತಿಗಳ ಅಭಾವದಿಂದಲೂ ಗುರುಗಳ ಬಡತನದಿಂದಲೂ ಇಂಥವುಗಳ ಬಳಕೆ ಸಾಲದಾಗಿದೆ ಎಂದು ಬರೆದ. ಇದೇ ಕ್ಯಾಂಪ್‌ಬೆಲ್ 1816ರಲ್ಲಿ ತೆಲುಗು ವ್ಯಾಕರಣ ಪ್ರಕಟಿಸಿದ್ದವನು. ದಕ್ಷಿಣದ ಭಾಷೆಗಳು ಸಂಸ್ಕೃತದಿಂದ ಹುಟ್ಟಿದವಲ್ಲ, ಬೇರೆಯೇ ಒಂದು ಕುಟುಂಬ ಎಂಬ, ಮದರಾಸಿನ ಕಲೆಕ್ಟರ್ ಎಲಿಸ್‌ನ ವಾದ ಮೊದಲು ಅಚ್ಚಾದದ್ದು ಆ ಪುಸ್ತಕದಲ್ಲೇ. ದ್ರಾವಿಡ ಭಾಷಾಶಾಸ್ತ್ರದ ಚರಿತ್ರೆಗೆ ನಮ್ಮ ಸೀಮೆ ಇಷ್ಟು ಹತ್ತಿರದ್ದೆಂದು ಇಲ್ಲಿನ ಮಕ್ಕಳಿಗೆ ಯಾರೂ ಹೇಳುವುದಿಲ್ಲ.

ಮುಂದೆ ಕನ್ನಡಕ್ಕೆ 1817ರಲ್ಲಿ ಕೇರಿ, 1820ರಲ್ಲಿ ಮೆಕೆರೆಲ್, 1859ರಲ್ಲಿ ಹಾಡ್ಸನ್, 1903ರಲ್ಲಿ ಕಿಟೆಲ್ ಇಂಗ್ಲಿಷಿನಲ್ಲಿ ವ್ಯಾಕರಣ ಬರೆದರು. ಮನುಷ್ಯರಲ್ಲದವುಗಳ ಹೆಸರು ಬಹುವಚನ ಪ್ರತ್ಯಯವಿಲ್ಲದೆಯೂ ಹಲವನ್ನು ಸೂಚಿಸುತ್ತದೆ ಎಂಬ ದ್ರಾವಿಡ ಗುಣವನ್ನು 1856ರಲ್ಲಿ ಕಾಲ್ಡ್‌ವೆಲ್ ಗುರುತಿಸಿದ. ನನ್ನ ಮಟ್ಟಿಗೆ ವಚನದ ಚರ್ಚೆಯಲ್ಲಿ ಇದಕ್ಕಿಂತ ದೊಡ್ಡ ಮಾತಿಲ್ಲ. ನಾಲ್ಕು ಚೀಲ ಉಳ್ಳಾಗಡ್ಡಿ, ಹತ್ತು ರೂಪಾಯಿ, ಎರಡು ಎತ್ತು: ಸಂಖ್ಯೆ ಬಂದ ಮೇಲೆ ‘ಗಳು’ ಬೇಕಿಲ್ಲ. ಮನುಷ್ಯರ ವಿಷಯದಲ್ಲಿ ಮಾತ್ರ ‘ಇಬ್ಬರು ಹುಡುಗ’ ಎನ್ನಲಾಗದು.

ತೆಲುಗು ಇಲ್ಲಿ ಕನ್ನಡದಿಂದ ಬೇರೆ ದಾರಿ ಹಿಡಿಯುತ್ತದೆ. ‘ಪದಿ ರೂಪಾಯಲು’ ಎಂದೇ ಆಗಬೇಕು, ಇಂಗ್ಲಿಷಿನ ‘ಟೆನ್ ರುಪೀಸ್’ ಹಾಗೆ. ‘ಇಲ್ಲು’ ಇದ್ದದ್ದು ‘ಇಳ್ಳು’, ‘ಚೆಟ್ಟು’ ಇದ್ದದ್ದು ‘ಚೆಟ್ಲು’ ಎಂದು ಪದದ ಮೈಯೇ ಬದಲಾಗುತ್ತದೆ. ನೀಳ್ಳು, ಪಾಲು ಬಹುವಚನ. ‘ಪಾಲು ಉನ್ನಾಯಿ’ ಎನ್ನುತ್ತಾರೆ. ನಮಗೆ ಹಾಲು ‘ಇದೆ’, ‘ಇವೆ’ ಅಲ್ಲ, ಮತ್ತು ಈ ಒಂದು ವಿಷಯದಲ್ಲಿ ಇಂಗ್ಲಿಷ್ ನಮ್ಮ ಜೊತೆಗಿದೆ. ಇಂಗ್ಲಿಷಿಗೂ ಹಳೆಯ ಋಣಗಳಿವೆ: ಹಿಂದೆ ಬಹುವಚನಕ್ಕೆ ಹಲವು ಬಗೆಯ ರೂಪಗಳಿದ್ದವು, ಕಾಲಕ್ರಮದಲ್ಲಿ ‘ಎಸ್’ ಹೆಚ್ಚಿನವನ್ನು ನುಂಗಿತು; ಆಕ್ಸೆನ್, ಫೀಟ್, ಚಿಲ್ಡ್ರನ್ ಉಳಿದುಕೊಂಡವು.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಆದವಾನಿ, ಆಲೂರು ತಾಲೂಕುಗಳು ಬಳ್ಳಾರಿಯಿಂದ ಕರ್ನೂಲಿಗೆ ಹೋದವು. ಅಂದಿನಿಂದ ಇಲ್ಲಿನ ಕನ್ನಡ ಮಾಧ್ಯಮದ ಮಗುವಿನ ಮೇಲೆ ಮೂರು ವಚನವ್ಯವಸ್ಥೆಗಳ ಭಾರ ಬಿದ್ದಿದೆ. ಆ ಮಗು ‘ಟೆನ್ ರುಪೀ’ ಎಂದು ಬರೆದರೆ ಅದು ಅಜಾಗ್ರತೆಯಲ್ಲ. ಕನ್ನಡದ ನಿಯಮವನ್ನು ಅದು ಚೊಕ್ಕವಾಗಿ ಪಾಲಿಸುತ್ತಿದೆ. ಕೆಂಪು ಗೆರೆ ಎಳೆಯುವ ಮೇಷ್ಟ್ರಿಗೆ ಈ ಕಾರಣ ಗೊತ್ತಿದ್ದರೆ ಪಾಠವೇ ಬೇರೆಯಾಗುತ್ತದೆ.

ಡಿ. ಎನ್. ಶಂಕರ ಭಟ್ಟರು 2000ದಲ್ಲಿ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಬರೆದು, ಸಂಸ್ಕೃತದ ಅಚ್ಚನ್ನು ಬಿಟ್ಟು ನುಡಿಯ ಬಳಕೆಯಿಂದಲೇ ನಿಯಮ ಕಟ್ಟಬೇಕೆಂದರು. ಅವರ ಎಲ್ಲ ಪ್ರಸ್ತಾಪಗಳನ್ನೂ ಒಪ್ಪಬೇಕಿಲ್ಲ. ವಚನದ ಮಟ್ಟಿಗಂತೂ ಅವರ ದಾರಿ ಸರಿ. ಒಂದಕ್ಕೆ ಏಕವಚನ, ಹಲವಕ್ಕೆ ಬಹುವಚನ ಎಂಬ ಶಾಲೆಯ ವ್ಯಾಖ್ಯೆ ‘ಎರಡು ಎತ್ತಿ’ನ ಮುಂದೆ ನಿಲ್ಲುವುದಿಲ್ಲ.

ಕರ್ನಾಟಕ, ಆಂಧ್ರ ಎರಡೂ ರಾಜ್ಯಗಳ ಪಠ್ಯಪುಸ್ತಕ ಮಂಡಳಿಗಳವರು ಗಡಿ ಶಾಲೆಗಳಿಗಾಗಿ ಒಂದು ಚಿಕ್ಕ ಕೈಪಿಡಿ ತರಲಿ: ಕನ್ನಡ, ತೆಲುಗು, ಇಂಗ್ಲಿಷ್ ವಚನಗಳನ್ನು ಅಕ್ಕಪಕ್ಕದಲ್ಲಿಟ್ಟು ಮೂವತ್ತು ಪುಟದಲ್ಲಿ ಹೇಳಿದರೆ ಸಾಕು. ಅದನ್ನು ಬರೆಯಬಲ್ಲ ಮೂರೂ ಭಾಷೆಯ ಮೇಷ್ಟ್ರುಗಳು ಆದವಾನಿ ಸೀಮೆಯಲ್ಲೇ ಇದ್ದಾರೆ. ಅವರನ್ನು ಕೇಳಿ ಬರೆಸಿ.