ಹವಳಕ್ಕೆ ಸುಣ್ಣ ಉಣಿಸಿದ ಬಗೆ

ಗಾಜಿನ ತೊಟ್ಟಿಯಲ್ಲಿ ಹವಳ ಸಾಕಿದ ಇತಿಹಾಸ ಹೇಳುವವರು ದೀಪ, ಪಂಪು, ಫಿಲ್ಟರುಗಳ ಕಥೆಯನ್ನೇ ಹೇಳುತ್ತಾರೆ. ನನ್ನ ಪ್ರಕಾರ ಅದು ಮೊದಲಿಗೆ ಸುಣ್ಣದ ಕಥೆ. 1846ರಲ್ಲಿ ಆ್ಯನಾ ಥಿನ್ ಎಂಬಾಕೆ ಟಾರ್ಕಿ ಕರಾವಳಿಯಿಂದ ಕಲ್ಲುಹವಳಗಳನ್ನು ಲಂಡನ್ನಿಗೆ ತಂದು ಸಾಕಿದರು. ಮನೆಗೆಲಸದಾಕೆ ತೆರೆದ ಕಿಟಕಿಯ ಮುಂದೆ ನಿಂತು ಉಪ್ಪುನೀರನ್ನು ಪಾತ್ರೆಯಿಂದ ಪಾತ್ರೆಗೆ ಎತ್ತಿ ಹೊಯ್ಯುತ್ತಿದ್ದಳು. ನೀರಿಗೆ ಗಾಳಿ ಬೆರೆಯಲಿ ಎಂಬುದು ಉದ್ದೇಶ. ಆದರೆ ಜೀವಿಗಳ ಉಸಿರಿನಿಂದ ಸೇರಿದ ಕಾರ್ಬನ್ ಡೈಆಕ್ಸೈಡ್ ಕೂಡ ಹಾಗೆ ಹೊರಬೀಳುತ್ತಿತ್ತು, ಪಿಎಚ್ ಏರುತ್ತಿತ್ತು. ಇದನ್ನು ಆಗ ಅಳೆಯುವಂತಿರಲಿಲ್ಲ: ರಸಾಯನಶಾಸ್ತ್ರಜ್ಞ ಸೊರೆನ್ಸನ್ ಪಿಎಚ್ ಎಂಬ ಅಳತೆಯನ್ನು ಕೊಟ್ಟದ್ದೇ 1909ರಲ್ಲಿ.

ಅಳೆಯುವುದು ಸುಲಭವೆಂದು ಪಿಎಚ್ಚನ್ನೇ ನೆಚ್ಚಿದರೆ ಮೋಸಹೋಗುತ್ತೇವೆ. ಹಗಲು ಪಾಚಿ ಕಾರ್ಬನ್ ಡೈಆಕ್ಸೈಡ್ ಹೀರಿದಾಗ ಅದು ಏರುತ್ತದೆ, ರಾತ್ರಿ ಇಳಿಯುತ್ತದೆ. ಕ್ಷಾರೀಯತೆ ಹಾಗಲ್ಲ. ಅದು ಮುಖ್ಯವಾಗಿ ನೀರಿನಲ್ಲಿರುವ ಬೈಕಾರ್ಬನೇಟ್, ಕಾರ್ಬನೇಟುಗಳ ದಾಸ್ತಾನು. ಹವಳ ತನ್ನ ಅಸ್ಥಿ ಕಟ್ಟಿದಷ್ಟೂ ಖರ್ಚಾಗುತ್ತದೆ. ಆ ಖರ್ಚನ್ನು ತುಂಬುವ ದಾರಿಯನ್ನು ಜನಪ್ರಿಯಗೊಳಿಸಿದವರು ಪೀಟರ್ ವಿಲ್ಕೆನ್ಸ್, 1970ರ ದಶಕದಲ್ಲಿ. ಆವಿಯಾಗಿ ಹೋದ ನೀರಿನ ಬದಲಿಗೆ ಸುಣ್ಣದ ತಿಳಿಯನ್ನು ಹನಿಹನಿಯಾಗಿ ಬಿಡುವುದು, ಅಷ್ಟೇ. ನಾವು ವೀಳ್ಯದೆಲೆಗೆ ಸವರುವ ಸುಣ್ಣವೂ ಇದೇ ವಸ್ತು. ತಿಳಿಯ ಪಿಎಚ್ 12ಕ್ಕೂ ಮೇಲಿರುವುದರಿಂದ ಒಮ್ಮೆಲೇ ಸುರಿದರೆ ಪ್ರಾಣಿಗಳಿಗೆ ಅಪಾಯ. ಪಿಎಚ್ ತಗ್ಗಿರುವ ರಾತ್ರಿ ಹೊತ್ತು ಹನಿಸಿದರೆ ಕ್ಯಾಲ್ಸಿಯಂ, ಕ್ಷಾರೀಯತೆ ಎರಡೂ ಒಟ್ಟಿಗೆ ಸಿಗುತ್ತವೆ. 1994ರಲ್ಲಿ ಹಾನ್ಸ್ ವರ್ನರ್ ಬಾಲಿಂಗ್ ಇವೆರಡನ್ನೂ ಕ್ಯಾಲ್ಸಿಯಂ ಕ್ಲೋರೈಡ್ ಮತ್ತು ಅಡುಗೆ ಸೋಡಾದ ಪ್ರತ್ಯೇಕ ದ್ರಾವಣಗಳಾಗಿ ಕೊಡುವ ಕ್ರಮ ವಿವರಿಸಿದರು. ಅಡುಗೆ ಸೋಡಾ ಕ್ಷಾರೀಯತೆಯನ್ನು ಚೆನ್ನಾಗಿ ಏರಿಸುತ್ತದೆ, ಪಿಎಚ್ಚನ್ನು ಅಷ್ಟಾಗಿ ಕದಲಿಸುವುದಿಲ್ಲ. ಪಿಎಚ್, ಕ್ಷಾರೀಯತೆ ಬೇರೆಬೇರೆ ಎನ್ನಲು ಇದಕ್ಕಿಂತ ಸ್ಪಷ್ಟ ಪುರಾವೆ ಬೇಡ.

ಜಕಾರ್ತದ ಲೀ ಚಿನ್ ಎಂಗ್ 1960ರ ಸುಮಾರಿಗೇ ಸಮುದ್ರದ ನೀರು, ಜೀವಂತ ಬಂಡೆ (ಜೀವಿಗಳು ನೆಲೆಸಿದ ಕಡಲಕಲ್ಲು), ಗಾಳಿಗುಳ್ಳೆಗಳಿಂದಲೇ ಹವಳ ಉಳಿಸಿದ್ದರಲ್ಲ ಎಂದು ಯಾರಾದರೂ ಕೇಳಬಹುದು. ನಿಜ, ಆದರೆ ಕಡಲ ನೀರು ಕೈಗೆಟುಕುವಲ್ಲಿ ಕ್ಷಾರೀಯತೆ ಅದರ ಜೊತೆಗೇ ಬರುತ್ತದೆ. ಉಪ್ಪು ಬೆರೆಸಿ ನೀರು ಮಾಡಿಕೊಳ್ಳುವ ಒಳನಾಡಿನವರಿಗೆ ಆ ಭಾಗ್ಯವಿಲ್ಲ. ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿ: ನೀರಿನಲ್ಲಿ ಕಾರ್ಬನೇಟ್ ಎಷ್ಟಿರುತ್ತದೆಂಬುದನ್ನು ಪಿಎಚ್ ಕೂಡ ತೀರ್ಮಾನಿಸುತ್ತದೆ. ಒಪ್ಪುತ್ತೇನೆ, ಪಿಎಚ್ ತೀರಾ ಇಳಿದ ತೊಟ್ಟಿಯಲ್ಲಿ ಹವಳ ಸೊರಗುತ್ತದೆ. ಆದರೆ ಅದೇ ಪಿಎಚ್‌ನಲ್ಲಿ ಕ್ಷಾರೀಯತೆ ಅರ್ಧಕ್ಕಿಳಿದರೆ ಕಾರ್ಬನೇಟೂ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ, ಪಿಎಚ್ ಮೀಟರು ಅದನ್ನು ತೋರಿಸುವುದಿಲ್ಲ. ಅರಿಜೋನಾದ ಬಯೋಸ್ಫಿಯರ್ 2ರ ಕೃತಕ ಕಡಲಿನಲ್ಲಿ ಕ್ರಿಸ್ ಲ್ಯಾಂಗ್ಡನ್ ಮತ್ತು ಸಂಗಡಿಗರು ನೀರಿನ ರಸಾಯನವನ್ನೇ ಬದಲಿಸಿ ನೋಡಿ 2000ದಲ್ಲಿ ಪ್ರಕಟಿಸಿದ ಫಲಿತಾಂಶವೂ ಇದನ್ನೇ ಹೇಳುತ್ತದೆ: ಅಸ್ಥಿ ಕಟ್ಟುವ ವೇಗ ಏರಿಳಿದದ್ದು ಕ್ಯಾಲ್ಸಿಯಂ ಮತ್ತು ಕಾರ್ಬನೇಟುಗಳ ಗುಣಲಬ್ಧದ ಜೊತೆಗೆ.